ನನ್ನದೇ ಎರಡು ಬಾಟಲಿ

೧೭ ಜನವರಿ ೧೯೬೬, ಸೋಮವಾರ. ಹೊಸನಗರ

ಮೂವತ್ತೆಂಟನೇ ವಯಸ್ಸಿನಲ್ಲಿ ದಿನಚರಿ ಬರೆಯಲು ಕೂತಿದ್ದೇನೆ. ಡಾಕ್ಟರು ಓಡಾಡಬೇಡಿ ಎಂದಿದ್ದಾರೆ, ಅದಕ್ಕೆ. ಸುಮ್ಮನೆ ಕೂತರೆ ನನ್ನ ಕೈಕಾಲಿಗೆ ಇರುವೆ ಹತ್ತಿದ ಹಾಗಾಗುತ್ತದೆ. ಕೈಯಾದರೂ ಓಡಾಡಲಿ.

ಹೋದ ವರ್ಷದಿಂದ ತಿಂಗಳ ಸ್ರಾವ ನಿಲ್ಲುವುದೇ ಇಲ್ಲ. ತರಗತಿಯಲ್ಲಿ ಭಿನ್ನರಾಶಿ ಹೇಳಿಕೊಡುವಾಗ ಬೋರ್ಡು ಹಿಡಿದುಕೊಂಡು ನಿಲ್ಲುವ ಸ್ಥಿತಿಗೆ ಬಂದಿದ್ದೆ. ಶನಿವಾರ ಬಸ್ಸು ಹತ್ತಿ ಸಾಗರಕ್ಕೆ ಹೋಗಿ ಡಾಕ್ಟರ್ ನಾರಾಯಣಮೂರ್ತಿಯವರ ನರ್ಸಿಂಗ್ ಹೋಮಿನಲ್ಲಿ ತೋರಿಸಿದೆ. ಗರ್ಭಕೋಶದಲ್ಲಿ ಗಡ್ಡೆಯಂತೆ, ಸಣ್ಣ ತೆಂಗಿನಕಾಯಿಯಷ್ಟು. ಕೆಟ್ಟ ಗಡ್ಡೆಯಲ್ಲ, ಆದರೆ ಮಳೆಗಾಲಕ್ಕೆ ಮೊದಲು ತೆಗೆಯಲೇಬೇಕಂತೆ. ಹೀಗೇ ರಕ್ತ ಹೋಗುತ್ತಿದ್ದರೆ ಆಮೇಲೆ ತೆಗೆಸಿಕೊಳ್ಳಲು ನಾನೇ ಇರುವುದಿಲ್ಲವಂತೆ.

ಈಗಲೇ ತೆಗೆಯಿರಿ ಎಂದೆ. ತೆಗೆಯೋಣವೆಂದರೆ ಮೈಯಲ್ಲಿ ರಕ್ತವಿಲ್ಲ. ನೂರಕ್ಕೆ ನಲವತ್ತೆರಡು ಇದೆ. ನಮ್ಮ ಶಾಲೆಯಲ್ಲಿ ಮೂವತ್ತೈದಕ್ಕೆ ಪಾಸು ಮಾಡುತ್ತೇವೆ ಎಂದೆ. ಡಾಕ್ಟರು ನಗಲಿಲ್ಲ. ಸಾಗರದಲ್ಲಿ ಬಾಟಲಿ ರಕ್ತ ಇಟ್ಟುಕೊಂಡವರು ಯಾರೂ ಇಲ್ಲ, ನಿಮ್ಮ ಕಡೆಯವರನ್ನೇ ಕರೆದುಕೊಂಡು ಬನ್ನಿ, ಗುಂಪು ಹೊಂದಿದವರಿಂದ ತೆಗೆದು ಕೊಡುತ್ತೇನೆ ಎಂದರು.

ನನ್ನ ಕಡೆಯವರು ಎಂದರೆ ಯಾರು? ಗಂಡ ತೀರಿಕೊಂಡು ಒಂಬತ್ತು ವರ್ಷವಾಯಿತು. ಮಕ್ಕಳಿಲ್ಲ. ಒಬ್ಬ ತಮ್ಮ ಇದ್ದಾನೆ. ಅವನ ವಿಷಯ ಇಲ್ಲಿ ಬರೆಯುವುದಿಲ್ಲ.

೨೩ ಜನವರಿ, ಭಾನುವಾರ

ನಮ್ಮ ಜನ ಸಾಲ ಕೊಟ್ಟಾರು, ಹೆಣ್ಣು ಕೊಟ್ಟಾರು, ರಕ್ತ ಮಾತ್ರ ಕೊಡಲಾರರು. ಒಂದು ಬಾಟಲಿ ಕೊಟ್ಟವನು ಮತ್ತೆ ನೇಗಿಲು ಹಿಡಿಯಲಾರ ಎಂದು ಎಲ್ಲರಿಗೂ ಗಟ್ಟಿ ನಂಬಿಕೆ. ನಮ್ಮ ಹೆಡ್‌ಮಾಸ್ಟರು ಸೀತಾರಾಮಪ್ಪನವರು ಮಾತ್ರ ಎಲ್ಲ ಟೀಚರುಗಳ ಎದುರಿಗೆ ಎದೆ ತಟ್ಟಿ, ನಾನಿದ್ದೇನೆ ಎಂದರು. ನಿನ್ನೆ ನನ್ನ ಜೊತೆ ಸಾಗರಕ್ಕೂ ಬಂದರು. ಗುಂಪೂ ಹೊಂದಿತು. ಬರುವಾಗ ಬಸ್ಸಿನ ತುಂಬ ತಾವು ಹೊಂದಿದ್ದನ್ನು ಹೇಳಿಕೊಂಡು ಬಂದರು.

ಇವತ್ತು ಬೆಳಿಗ್ಗೆ ಅವರ ಹೆಂಡತಿ ನನ್ನ ಜಗಲಿಗೆ ಬಂದು ಕೂತು ಅತ್ತರು. ನಿಮಗೆ ಹಿಂದೆ ಮುಂದೆ ಯಾರೂ ಇಲ್ಲ, ನನಗೆ ನಾಲ್ಕು ಮಕ್ಕಳು ಎಂದರು. ಮೈಯೆಲ್ಲ ಉರಿದುಹೋಯಿತು. ಆದರೂ ಕಾಫಿ ಮಾಡಿ ಕೊಟ್ಟು, ನಿಮ್ಮ ಯಜಮಾನರ ರಕ್ತ ನಿಮ್ಮ ಮನೆಯಲ್ಲೇ ಇರಲಿ ಎಂದು ಕಳಿಸಿದೆ. ಅವರು ಹೋದ ಮೇಲೆ ಜಗಲಿಯನ್ನು ಎರಡು ಸಲ ಗುಡಿಸಿದೆ. ಗುಡಿಸಿ ತಲೆ ಸುತ್ತಿ ಕೂತೆ. ಮನೆ ಒಡತಿ ಪುಷ್ಪಮ್ಮ ಬಂದು ಪೊರಕೆ ಕಿತ್ತುಕೊಂಡು ಹೋದರು.

೩೦ ಜನವರಿ, ಭಾನುವಾರ

ಬರೆಯುವುದಿಲ್ಲ ಎಂದವನ ವಿಷಯ ಬರೆಯಬೇಕಾಗಿದೆ.

ನಿನ್ನೆ ಡಾಕ್ಟರು ನಗುನಗುತ್ತ, ನಿಮಗೆ ರಕ್ತ ಸಿಕ್ಕಿತು ಎಂದರು. ಶುಕ್ರವಾರ ತೀರ್ಥಹಳ್ಳಿ ಕಡೆಯಿಂದ ಒಬ್ಬರು ಬಂದು ತಾವಾಗಿಯೇ ಬೆರಳು ಚುಚ್ಚಿಸಿಕೊಂಡು ಹೋದರಂತೆ. ಸರಿಯಾಗಿ ಹೊಂದಿತಂತೆ. ಹೆಸರು ದುಗ್ಗಪ್ಪ, ನಿಮ್ಮ ತಮ್ಮನಂತಲ್ಲ ಎಂದರು. ಬೇಡ ಎಂದೆ. ಯಾಕೆ ಎಂದರು. ಆಣೆ ಇದೆ ಎಂದೆ. ಡಾಕ್ಟರು ಮೈಸೂರಿನ ಕಡೆಯವರು, ಅರ್ಥವಾಗಲಿಲ್ಲ. ಬಿಡಿಸಿ ಹೇಳಬೇಕಾಯಿತು.

ಐದು ವರ್ಷದ ಹಿಂದೆ ಆಷಾಢದಲ್ಲಿ ಅವ್ವ ತೀರಿಕೊಂಡಳು. ಮೇಳಿಗೆ ಹತ್ತಿರದ ನಮ್ಮ ಮನೆಯಿಂದ ಆಳು ಬಂದು ಹೇಳಿದ ಕೂಡಲೇ ಹೊರಟೆ. ದಾರಿಯಲ್ಲಿ ಮರ ಬಿದ್ದು ಬಸ್ಸು ನಿಂತಿತು. ನಡೆದೆ. ಹಳ್ಳ ಎದೆಮಟ್ಟ ಏರಿತ್ತು. ಅದನ್ನೂ ಬಳ್ಳಿ ಹಿಡಿದು ದಾಟಿದೆ. ಹೋಗಿ ನೋಡಿದರೆ ಅವ್ವನ ಚಿತೆ ಉರಿದು ಕುಸಿದಿತ್ತು. ಮುಖ ನೋಡಲು ಸಿಗಲಿಲ್ಲ. ದುಗ್ಗಪ್ಪ ಒದ್ದೆ ಪಂಚೆಯಲ್ಲಿ ನಿಂತಿದ್ದ. ನಾನು ಅಳಲಿಲ್ಲ. ಅಂಗಳದ ಕೊನೆಯಲ್ಲಿರುವ ನಮ್ಮ ದೈವ ಚೌಡಿಯ ಕಲ್ಲಿನ ಮೇಲೆ ಕೈಯಿಟ್ಟು, ಇವನ ಮನೆಯ ಒಂದು ತೊಟ್ಟು ನೀರು ನನ್ನ ಗಂಟಲಲ್ಲಿ ಇಳಿದರೆ ಚೌಡಿ ನೋಡಿಕೊಳ್ಳಲಿ ಎಂದೆ. ಹಾಗೇ ಹಿಂದಿರುಗಿ ಬಂದೆ.

ನಮ್ಮ ಕಡೆ ಇಂಥ ಆಣೆ ಇಟ್ಟ ಮನೆಗಳು ಊರಿಗೆ ನಾಲ್ಕಿವೆ. ಎರಡು ತಲೆಮಾರು ದಾಟಿದ ಆಣೆಗಳೂ ಇವೆ. ಆಣೆ ಇದ್ದವರು ಎದುರಿಗೆ ಸಿಕ್ಕರೆ ಮಾತಾಡುತ್ತಾರೆ, ತಿನ್ನುವುದು ಕುಡಿಯುವುದು ಮಾತ್ರ ಇಲ್ಲ. ನಾನು ಮಾತನ್ನೂ ಬಿಟ್ಟೆ.

ಪುಷ್ಪಮ್ಮನಿಗೆ ಹೇಳಿದರೆ ಅವರದು ಬೇರೆ ನ್ಯಾಯ. “ಎಂತಾ ಮಾತು ಜಲಜಮ್ಮ, ಅದು ಅವ್ನ ಮನೆ ರಕ್ತವಾ? ನಿಮ್ಮವ್ವಂದು. ಅಲ್ದೆ ಅದು ಗಂಟಲಲ್ಲಿ ಇಳೀತದಾ, ಕೈಯಲ್ಲಿ ಇಳಿಯಾದು” ಎಂದರು. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಜನ. ನೀರೇ ಬೇಡ ಎಂದವಳು ರಕ್ತ ತೆಗೆದುಕೊಳ್ಳುವುದೆ? ಚೌಡಿಗೇನು ಗಂಟಲಿಗೂ ಕೈಗೂ ವ್ಯತ್ಯಾಸ ಹೇಳಿಕೊಡುತ್ತ ಕೂರಲೆ?

೫ ಫೆಬ್ರವರಿ, ಶನಿವಾರ

ಸಾಗರಕ್ಕೆ ಹೋಗಿ ಬಂದೆ. ಡಾಕ್ಟರು ನನ್ನ ಮೇಲೆ ರೇಗುತ್ತಾರೆ ಎಂದುಕೊಂಡಿದ್ದೆ, ರೇಗಲಿಲ್ಲ. ಒಂದು ವಾರ ಯೋಚನೆ ಮಾಡಿದೆ ಎಂದರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ಹೇಳಿದರು.

“ನೋಡಿ ಜಲಜಮ್ಮ, ಯಾರದೂ ಬೇಡ ಅಂದ್ರೆ ನಿಮ್ಮದೇ ತಗೊಳ್ಳಿ. ನಿಮ್ಮ ರಕ್ತ ನಿಮಗೆ ಹೊಂದತ್ತೋ ಇಲ್ಲವೋ ಅಂತ ನೋಡೋ ಕೆಲಸ ಇಲ್ಲ.”

ನನಗೆ ತಮಾಷೆ ಅನಿಸಿತು. ಇಲ್ಲದ ರಕ್ತವನ್ನು ತೆಗೆದು ಇಲ್ಲದವಳಿಗೆ ಕೊಡುವುದು ಯಾವ ಗಣಿತ? ಆದರೆ ಅವರ ಲೆಕ್ಕ ಹೀಗಿದೆ. ಮೊದಲು ಗುಳಿಗೆ ಕೊಟ್ಟು ಸ್ರಾವ ನಿಲ್ಲಿಸುವುದು. ಹೊಟ್ಟೆಯಲ್ಲಿ ಕೊಕ್ಕೆಹುಳ ಇದೆ, ಅದನ್ನು ತೆಗೆಯುವುದು. ಕಬ್ಬಿಣದ ಇಂಜೆಕ್ಷನ್ ಕೊಟ್ಟು ರಕ್ತ ಏರಿಸುವುದು. ಎಪ್ಪತ್ತು ದಾಟಿದ ಮೇಲೆ ಒಂದು ಬಾಟಲಿ ತೆಗೆದು ಫ್ರಿಜ್ಜಿನಲ್ಲಿಡುವುದು. ಮೈ ಅದನ್ನು ಮತ್ತೆ ತುಂಬಿಕೊಳ್ಳುತ್ತದೆ. ಸ್ವಲ್ಪ ದಿನ ಬಿಟ್ಟು ಇನ್ನೊಂದು. ಮೂರು ವಾರದವರೆಗೆ ಕೆಡುವುದಿಲ್ಲ, ಅಷ್ಟರೊಳಗೆ ಆಪರೇಷನ್ ಮಾಡಿ, ಆಗ ಆ ಎರಡೂ ಬಾಟಲಿಯನ್ನು ನನಗೇ ಏರಿಸುವುದು. ಮದರಾಸಿನ ಕಡೆ ಕಲಿಯುವಾಗ ಒಂದೆರಡು ಸಲ ನೋಡಿದ್ದರಂತೆ, ಸ್ವತಃ ಮಾಡಿಲ್ಲವಂತೆ. ಅದನ್ನು ಮುಚ್ಚಿಡದೆ ಹೇಳಿದರು, ಒಳ್ಳೆಯದಾಯಿತು. ಏರದಿದ್ದರೆ ಎಂದು ಕೇಳಿದೆ. ಏರದಿದ್ದರೆ ನಿಮ್ಮ ತಮ್ಮ ಎಂದರು.

ಏರಿಸಿಯೇ ತೋರಿಸುತ್ತೇನೆ.

೯ ಫೆಬ್ರವರಿ, ಬುಧವಾರ

ಇಂಜೆಕ್ಷನ್ ಸೊಂಟದ ಕೆಳಗೆ. ಕಪ್ಪು ಮದ್ದು, ಚುಚ್ಚಿದಲ್ಲಿ ನೇರಳೆ ಹಣ್ಣಿನ ಬಣ್ಣದ ಕಲೆ. ಕೂರಲಾಗದು, ನಿಲ್ಲಬಾರದು. ಮಲಗಿದರೆ ಮಾಡು ನೋಡಬೇಕು. ಮಾಡಿನಲ್ಲಿ ಎಷ್ಟು ಹೆಂಚು ಜಾರಿದೆ ಎಂದು ಪುಷ್ಪಮ್ಮನಿಗೆ ಹೇಳಿದೆ. ಅವರಿಗೆ ಸಿಟ್ಟು ಬಂತು.

೧೪ ಫೆಬ್ರವರಿ, ಸೋಮವಾರ

ಹುಳದ ಮದ್ದು ಕುಡಿದೆ. ಅದರ ರುಚಿ ಬರೆಯುವುದಿಲ್ಲ. ಬೆಳಗಿನಿಂದ ಹಿತ್ತಲಿಗೂ ಹಾಸಿಗೆಗೂ ಅಲೆದಾಟ. ಓಡಾಡಬಾರದು ಎಂದ ಡಾಕ್ಟರೇ ಓಡಿಸುತ್ತಿದ್ದಾರೆ.

೨೭ ಫೆಬ್ರವರಿ, ಭಾನುವಾರ

ಐವತ್ತೆಂಟು! ಫಸ್ಟ್ ಕ್ಲಾಸಿಗೆ ಎರಡೇ ಕಮ್ಮಿ. ಸ್ರಾವವೂ ನಿಂತಿದೆ. ಪುಷ್ಪಮ್ಮ ದಿನಾ ನುಗ್ಗೆಸೊಪ್ಪು ಹಾಕಿ ಸಾಯಿಸುತ್ತಿದ್ದಾರೆ. ಅವರು ಸಸ್ಯಾಹಾರಿ, ಆದರೂ ನನಗಾಗಿ ಹಿತ್ತಲಲ್ಲಿ ಬೇರೆ ಒಲೆ ಹೂಡಿಕೊಟ್ಟು ಮೂಗಿಗೆ ಸೆರಗು ಹಿಡಿದು ದೂರ ನಿಂತು, ನಾನು ಕುರಿಯ ಈಲಿ, ಅಂದರೆ ಲಿವರು, ಬೇಯಿಸುವುದನ್ನು ಕಾಯುತ್ತಾರೆ. ಬೆಂದಿತಾ, ಬೆಂದಿತಾ ಎಂದು ಕೇಳುತ್ತಿರುತ್ತಾರೆ.

ಇವತ್ತು ಕೇಳದೆ ಇದ್ದುದನ್ನೂ ಹೇಳಿದರು. ಪ್ರತಿ ಶನಿವಾರ ದುಗ್ಗಪ್ಪ ಸಾಗರದ ನರ್ಸಿಂಗ್ ಹೋಮಿಗೆ ಹೋಗಿ, ಎಷ್ಟಾಯಿತು ಎಂದು ಕೇಳಿಕೊಂಡು ಹೋಗುತ್ತಾನಂತೆ. ಬಸ್ಸಿನವರು ಹೇಳಿದರಂತೆ. ಅವನಿಗೇಕೆ? ನನ್ನ ಮಾರ್ಕ್ಸು ನೋಡಲು ಅವನೇನು ಇನ್‌ಸ್ಪೆಕ್ಟರೆ?

೧೨ ಮಾರ್ಚ್, ಶನಿವಾರ. ಸಾಗರ

ಎಪ್ಪತ್ತಮೂರು. ನಾನು ಗೆದ್ದೆ.

ಇನ್ನು ಬಸ್ಸಿನಲ್ಲಿ ಕುಲುಕಿಸಿಕೊಂಡು ಓಡಾಡಬೇಡಿ, ಇಲ್ಲೇ ಇರಿ ಎಂದರು ಡಾಕ್ಟರು. ನರ್ಸಿಂಗ್ ಹೋಮಿನ ಹಿಂದೆ ರೋಗಿಗಳ ಕಡೆಯವರಿಗೆಂದು ಕಟ್ಟಿದ ಕೋಣೆ ಇದೆ. ಪುಷ್ಪಮ್ಮನೂ ಬಂದು ಜೊತೆಗಿದ್ದಾರೆ. ಕೋಣೆಗೆ ಒಂದೇ ಕಿಟಕಿ. ಕಿಟಕಿಯಿಂದ ಕಾಣುವುದು ಬರೀ ಗೋಡೆ. ಊಟ ಇಳಿಯುತ್ತಿಲ್ಲ. ಸಂತೋಷವಾಗಿರಬೇಕಾದ ದಿನ ಯಾಕಿಷ್ಟು ಚಡಪಡಿಕೆಯೋ ತಿಳಿಯದು.

೧೪ ಮಾರ್ಚ್, ಸೋಮವಾರ

ಮೊದಲ ಬಾಟಲಿ ಆಯಿತು. ತೋಳಿಗೆ ದಪ್ಪ ಸೂಜಿ, ಅದರಿಂದ ಕೊಳವೆ, ಕೆಳಗೆ ಗಾಜಿನ ಬಾಟಲಿ. ನರ್ಸಮ್ಮ ಬಾಟಲಿಯನ್ನು ಮಗು ತೂಗುವ ಹಾಗೆ ತೂಗುತ್ತಿದ್ದಳು. ಹೆಪ್ಪುಗಟ್ಟದಿರಲೆಂದು ಅದರಲ್ಲಿ ಮೊದಲೇ ಏನೋ ಮದ್ದು ಹಾಕಿರುತ್ತಾರೆ. ಬಾಟಲಿಗೆ ನನ್ನ ಹೆಸರು ಬರೆದು ಅಂಟಿಸಿದರು. ಅಷ್ಟು ಕೆಂಪು ನನ್ನೊಳಗೆ ಇತ್ತೆಂದು ನೋಡಿ ಒಂದು ಥರ ಜಂಬವೇ ಬಂತು.

ಜಂಬಪಟ್ಟು ಎದ್ದು ನಿಂತವಳು ಹಾಗೇ ಕುಸಿದೆ. ನರ್ಸಮ್ಮ ಹೊರಗೆ ಯಾರಿದ್ದೀರಿ, ಏನಾದರೂ ಸಿಹಿ ಬಿಸಿ ತನ್ನಿ ಎಂದು ಕೂಗಿದಳು. ಕಣ್ಣು ಬಿಟ್ಟಾಗ ದುಗ್ಗಪ್ಪ ಲೋಟ ಹಿಡಿದು ನಿಂತಿದ್ದ. ಐದು ವರ್ಷದಲ್ಲಿ ಕಿವಿಯ ಹತ್ತಿರ ನರೆತಿದೆ. ಲೋಟವನ್ನು ನನ್ನ ಕೈಗೆ ಕೊಡದೆ ಮೇಜಿನ ಮೇಲಿಟ್ಟ.

“ಹೋಟ್ಲು ಕಾಫಿ ಅಕ್ಕಯ್ಯ. ನಮ್ಮನೇದಲ್ಲ” ಎಂದು ಹೇಳಿ ಹೊರಗೆ ಹೋದ.

ಕುಡಿದೆ. ಹೋಟೆಲಿನ ಕಾಫಿ ಹೋಟೆಲಿನವನದು. ಅದಕ್ಕೆ ಆಣೆ ತಟ್ಟುವುದಿಲ್ಲ. ನಾನು ಆಣೆ ಇಟ್ಟದ್ದು ಅವನ ಮನೆಯ ನೀರಿಗೆ, ಕಾಸು ಕೊಟ್ಟು ಕೊಂಡದ್ದಕ್ಕಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

೧೮ ಮಾರ್ಚ್, ಶುಕ್ರವಾರ

ದುಗ್ಗಪ್ಪ ಊರಿಗೆ ಹೋಗಿಲ್ಲ. ಇಲ್ಲೇ ಪರಿಚಯದವರ ಮನೆಯಲ್ಲಿ ಇದ್ದಾನಂತೆ. ಬೆಳಿಗ್ಗೆ ಸಂಜೆ ಹೋಟೆಲ್ ಕಾಫಿ ಬರುತ್ತದೆ. ಇವತ್ತು ಮೊಟ್ಟೆ ತಂದ. ಸಂತೆಯಲ್ಲಿ ಕೊಂಡದ್ದು, ನಮ್ಮ ಕೋಳಿಯದಲ್ಲ ಎಂದ. ನಿನ್ನೆ ಈಲಿ ತಂದ. ಅದನ್ನು ಮಾರುಕಟ್ಟೆಯಿಂದ ತಂದದ್ದು, ಬೇಯಿಸಿದ್ದು ನನ್ನ ಪಾತ್ರೆಯಲ್ಲಿ, ನೀರು ನರ್ಸಿಂಗ್ ಹೋಮಿನ ನಲ್ಲಿಯದು. ಒಂದೊಂದನ್ನೂ ವಿಚಾರಿಸಿಯೇ ತಿನ್ನುತ್ತೇನೆ. ನಿಯಮ ಎಂದರೆ ನಿಯಮ.

ಕಾಫಿ ಇವತ್ತು ಬಿಸಿಯಿರಲಿಲ್ಲ. ಹಾಗೆಂದು ಅವನಿಗೆ ಹೇಳಿದೆ. ಆಗಲೇ ಹಿಂದಿರುಗಿ ಹೋಗಿ ಬೇರೆ ತಂದ.

೨೩ ಮಾರ್ಚ್, ಬುಧವಾರ

ಯುಗಾದಿ. ಈ ಮಲೆನಾಡಿನಲ್ಲಿ ಬೇವಿನ ಮರ ಎಲ್ಲಿ ಹುಡುಕಿದನೋ, ದುಗ್ಗಪ್ಪ ಒಂದು ಹಿಡಿ ಬೇವು ತಂದಿದ್ದ. ಬೆಲ್ಲ ಅಂಗಡಿಯದು. ಬೇವಿನ ಮರ ಯಾರ ಮನೆಯದು ಎಂದು ಕೇಳಿದೆ. ಪೇಟೆಯ ರಸ್ತೆ ಬದಿಯದು ಅಕ್ಕಯ್ಯ, ಸರ್ಕಾರದ್ದು ಎಂದ. ಪುಷ್ಪಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು. ಏಕೆ ನಕ್ಕರೋ.

ಅವನು ಎದುರಿಗೇ ಕೂತು ತಿಂದ. ಚಿಕ್ಕವನಿದ್ದಾಗ ಬೆಲ್ಲ ಆರಿಸಿಕೊಂಡು ಬೇವು ಉಗುಳುತ್ತಿದ್ದ. ಈಗ ಬೇವನ್ನೂ ತಿನ್ನುತ್ತಾನೆ.

೨೪ ಮಾರ್ಚ್, ಗುರುವಾರ

ಎರಡನೆಯ ಬಾಟಲಿಯೂ ಆಯಿತು. ಕುಸಿಯಲಿಲ್ಲ. ಮುಂದಿನ ಗುರುವಾರ ಆಪರೇಷನ್. ಎರಡೂ ಬಾಟಲಿ ಒಂದರ ಪಕ್ಕ ಒಂದು ಫ್ರಿಜ್ಜಿನಲ್ಲಿ ಕೂತಿವೆ. ನರ್ಸಮ್ಮನನ್ನು ಕೇಳಿ ಬಾಗಿಲು ತೆರೆಸಿ ನೋಡಿ ಬಂದೆ. ಸಂಜೆ ಇನ್ನೊಮ್ಮೆ ನೋಡಿದೆ.

೨೭ ಮಾರ್ಚ್, ಭಾನುವಾರ

ಇಂಥ ದಿನ ಯಾರಿಗೂ ಬೇಡ. ನಿನ್ನೆ ಸಂಜೆ ಗಾಳಿಗೆ ಎಲ್ಲೋ ಕಂಬ ಬಿದ್ದು ಊರಿಗೇ ಕರೆಂಟಿಲ್ಲ. ಜೋಗದ ಪಕ್ಕದಲ್ಲೇ ಇದ್ದು ನಮಗೆ ಕರೆಂಟಿಲ್ಲ. ಬೆಳಿಗ್ಗೆಯಾದರೂ ಬರಲಿಲ್ಲ. ಫ್ರಿಜ್ಜು ತೆರೆಯಬಾರದು ಎಂದು ಡಾಕ್ಟರು ಅಂಟುಪಟ್ಟಿ ಹಾಕಿದರು. ಮಧ್ಯಾಹ್ನದೊಳಗೆ ಕರೆಂಟು ಬರದಿದ್ದರೆ ಎರಡೂ ಬಾಟಲಿ ಚೆಲ್ಲಬೇಕಾಗುತ್ತದೆ ಎಂದರು. ಮತ್ತೆ ತೆಗೆಯುವಷ್ಟು ನನ್ನಲ್ಲಿಲ್ಲ, ಮೈ ತುಂಬಿಕೊಳ್ಳುವವರೆಗೆ ಕಾಯಲು ಗುಳಿಗೆಯ ಭರವಸೆಯಿಲ್ಲ. ಮೊನ್ನೆಯಿಂದ ಸ್ರಾವ ಮತ್ತೆ ಸ್ವಲ್ಪ ಕಾಣಿಸಿಕೊಂಡಿದೆ.

ನಾನು ಜಗಲಿಯಲ್ಲಿ ಆ ತುದಿಯಿಂದ ಈ ತುದಿಗೆ ನಡೆದೆ. ಕೂರಿ ಎಂದವರ ಮೇಲೆಲ್ಲ ರೇಗಿದೆ. ನನ್ನ ಸ್ವಂತ ರಕ್ತ ಗೋಡೆಯಾಚೆ ಬಿಸಿಯಾಗುತ್ತಿದೆ, ನಾನು ಕೂತು ಏನು ಮಾಡಲಿ?

ದುಗ್ಗಪ್ಪ ಯಾವಾಗ ಹೋದನೋ ನೋಡಲಿಲ್ಲ. ಹೊತ್ತು ಏರುವಾಗ ಗೋಣಿಚೀಲದಲ್ಲಿ ಐಸು ಹೊತ್ತು ಬಂದ. ಹೊನ್ನಾವರದಿಂದ ಮೀನಿನ ಲಾರಿ ಬರುವುದನ್ನು ಪೇಟೆಯ ಹೊರಗೇ ಕಾದು ಅಡ್ಡ ಹಾಕಿ ತಂದನಂತೆ. ಅಂಗಿಯೆಲ್ಲ ಒದ್ದೆ, ಮೈಯೆಲ್ಲ ಬಂಗಡೆ ವಾಸನೆ. ಡಾಕ್ಟರು ಐಸಿಗೆ ಬಾಟಲಿ ತಾಗದ ಹಾಗೆ ಬಟ್ಟೆ ಸುತ್ತಿ ಜೋಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಐಸು ಅಂದರೆ ನೀರೇ ಅಲ್ಲವೇ ಜಲಜಮ್ಮ, ಇದಕ್ಕೆ ಆಣೆ ಇಲ್ಲವೇ ಎಂದು ಕೇಳಿದರು. ಅದು ಹೊನ್ನಾವರದ ನೀರು ಎಂದೆ.

ಕರೆಂಟು ಬರುವವರೆಗೆ ನಾವಿಬ್ಬರೂ ಜಗಲಿಯಲ್ಲಿ ಕೂತಿದ್ದೆವು. ಅದಕ್ಕೇ ಇರಬೇಕು, ಐದು ವರ್ಷದಿಂದ ಗಂಟಲಲ್ಲಿದ್ದದ್ದನ್ನು ಕೇಳಿಬಿಟ್ಟೆ. ಅವತ್ತು ಯಾಕೆ ಕಾಯಲಿಲ್ಲ?

“ಮಧ್ಯಾಹ್ನದ ತನಕ ಕಾದೆ ಅಕ್ಕಯ್ಯ. ಹಳ್ಳ ಏರ್ತಾನೇ ಇತ್ತು. ನೀನು ದಾಟ್ತೀಯ ಅಂತ ಅಂದ್ಕಳ್ಳಲಿಲ್ಲ.”

“ನಾನು ಹಿಂದೆ ತಿರುಗೋಳು ಅಂತ ಹೆಂಗೆ ಅಂದ್ಕಂಡೆ?”

ಅವನು ಒದ್ದೆ ಗೋಣಿಯ ಒಂದು ದಾರ ಕಿತ್ತು ಬೆರಳಿಗೆ ಸುತ್ತಿಕೊಂಡ. “ಅಲ್ಲೇ ತಪ್ಪಿದ್ದು” ಎಂದ.

ಇದು ನನಗೆ ಹೊಸ ಸಿಟ್ಟು. ಅವ್ವನನ್ನು ಸುಟ್ಟದ್ದಕ್ಕಿಂತ, ನನ್ನನ್ನು ಹಳ್ಳ ಕಂಡು ತಿರುಗಿ ಹೋಗುವವಳೆಂದು ತಿಳಿದದ್ದು ಹೆಚ್ಚು ಉರಿಯುತ್ತಿದೆ. ಒಡಹುಟ್ಟಿದವನಿಗೆ ಅಷ್ಟೂ ಗೊತ್ತಿರಬೇಡವೆ? ಕರೆಂಟು ಬಂದ ಕೂಡಲೇ ಎದ್ದು ಒಳಗೆ ಬಂದೆ. ಅವನ ಅಂಗಿ ಒದ್ದೆಯಾಗಿತ್ತು, ಶೀತವಾಗುತ್ತದೆ, ಬದಲಾಯಿಸು ಎಂದು ಹೇಳಲು ಪುಷ್ಪಮ್ಮನನ್ನು ಕಳಿಸಿದೆ.

೩೦ ಮಾರ್ಚ್, ಬುಧವಾರ

ನಾಳೆ.

ಡಾಕ್ಟರು ಬಾಗಿಲು ಹಾಕಿ ಕೂತು ನೇರವಾಗಿ ಹೇಳಿದರು. ಬಾಟಲಿಗಳು ಚೆನ್ನಾಗಿವೆ. ಕೈ ನಿಧಾನ ಮಾಡಿ, ಒಂದೊಂದು ರಕ್ತನಾಳವನ್ನೂ ಕಟ್ಟಿಯೇ ಕತ್ತರಿಸುತ್ತಾರೆ. ಉಪ್ಪುನೀರಿನ ಬಾಟಲಿಯೂ ಜೊತೆಗಿದೆ. ನೂರಕ್ಕೆ ತೊಂಬತ್ತು ಪಾಲು ಇಷ್ಟೇ ಸಾಕು. ಉಳಿದ ಹತ್ತರಲ್ಲಿ ನಾನು ಬಿದ್ದರೆ, ಹೊರಗೆ ಬೆಂಚಿನ ಮೇಲೆ ತೋಳು ಮಡಿಚಿ ಕೂತಿರುವವನಿಗೆ ಏನು ಹೇಳಲಿ ಎಂದು ಕೇಳಿದರು. ನೀವು ಬೇಡವೆಂದರೆ ಬೇಡ, ನಿಮ್ಮ ಮಾತು ಮೀರುವುದಿಲ್ಲ, ಆದರೆ ಈಗಲೇ ಹೇಳಬೇಕು ಎಂದರು.

ಸಾಯಂಕಾಲದವರೆಗೆ ಸಮಯ ಕೇಳಿದೆ. ಮಧ್ಯಾಹ್ನವೆಲ್ಲ ಮಂಚದ ಮೇಲೆ ಹೊರಳಿದೆ. ನನ್ನ ರಕ್ತ ಸಾಕಾಗುತ್ತದೆ ಎಂದು ಮನಸ್ಸಿಗೆ ಗೊತ್ತು. ಸಾಕಾಗದಿದ್ದರೆ ಎಂಬುದೂ ಗೊತ್ತು. ಸಾಯುವ ಹೆದರಿಕೆ ಇದೆ, ಇಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ಬೇರೆ ಒಂದು ಚಿತ್ರ ಕಣ್ಣ ಮುಂದೆ ಬರುತ್ತಿತ್ತು. ನಾನು ಒಳಗೆ ಸತ್ತು, ಅವನು ರಕ್ತ ತುಂಬಿದ ತೋಳು ಇಟ್ಟುಕೊಂಡು ಹೊರಗೆ ಕೂತಿರುವುದು. ಮತ್ತೆ ಇನ್ನೊಮ್ಮೆ ಅವನು ಒದ್ದೆ ಪಂಚೆಯಲ್ಲಿ ನಿಲ್ಲುವುದು.

ಡಾಕ್ಟರು ಬಂದಾಗ, ಆಣೆ ಇಟ್ಟದ್ದು ಗಂಟಲಿಗೆ, ಕೈಗೆ ಆಣೆ ಇಲ್ಲ ಎಂದೆ. ಹಾಗಾದರೆ ಅಗತ್ಯ ಬಿದ್ದರೆ ಅವರದು ತೆಗೆದುಕೊಳ್ಳಲೆ ಎಂದರು. ಕೈಗೆ ಆಣೆ ಇಲ್ಲ ಎಂದು ಇನ್ನೊಮ್ಮೆ ಹೇಳಿದೆ. ಪುಷ್ಪಮ್ಮ ಜನವರಿಯಲ್ಲೇ ಹೇಳಿದ್ದೆ ಎಂದರು. ಅವರು ಹೇಳಿದ್ದು ಬೇರೆ, ನಾನು ಹೇಳುವುದು ಬೇರೆ.

೨ ಏಪ್ರಿಲ್, ಶನಿವಾರ

ಇದ್ದೇನೆ. ಪೆನ್ಸಿಲ್ ಭಾರ. ನೀರು ಕೊಡುವುದಿಲ್ಲ, ಒದ್ದೆ ಹತ್ತಿಯಿಂದ ತುಟಿ ಒರೆಸುತ್ತಾರೆ ಅಷ್ಟೆ.

೩ ಏಪ್ರಿಲ್, ಭಾನುವಾರ

ಇವತ್ತು ಚಮಚದಲ್ಲಿ ಗ್ಲೂಕೋಸು. ಎರಡು ಸಾಲು ಹೆಚ್ಚು ಬರೆಯಬಹುದು.

ನನ್ನ ಎರಡೂ ಬಾಟಲಿ ಖರ್ಚಾದವು. ಮೂರನೆಯದು ಬೇಕಾಗಲಿಲ್ಲ. ಡಾಕ್ಟರಿಗೆ ನನಗಿಂತ ಸಂತೋಷ, ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದಾರೆ. ನರ್ಸಮ್ಮ ಹೇಳಿದಳು, ಆಪರೇಷನ್ ಮುಗಿಯುವವರೆಗೂ ದುಗ್ಗಪ್ಪ ಪಕ್ಕದ ಕೋಣೆಯಲ್ಲಿ ತೋಳು ಚಾಚಿ ಮಲಗಿಯೇ ಇದ್ದನಂತೆ. ನಿಮ್ಮದು ಬೇಡವಾಯಿತು, ಏಳಿ ಎಂದಾಗ, ಒಳ್ಳೇದಾಯ್ತು ಎಂದನಂತೆ, ಆದರೆ ಬೇಗ ಏಳಲಿಲ್ಲವಂತೆ.

ಅವನು ಇಲ್ಲಿಲ್ಲ. ಶುಕ್ರವಾರ ರಾತ್ರಿಯವರೆಗೆ ಇದ್ದು ನಿನ್ನೆ ಮೊದಲ ಬಸ್ಸಿಗೆ ಊರಿಗೆ ಹೋದನಂತೆ. ನನಗೊಂದು ಮಾತು ಹೇಳಲಿಲ್ಲ. ಅವನ ರಕ್ತ ಬೇಡವಾದ ಮೇಲೆ ಅವನ ಕೆಲಸ ಮುಗಿಯಿತು ಎಂದೇ? ಕಾಯುವುದೆಂದರೆ ಇವನಿಗೆ ಆಗುವುದೇ ಇಲ್ಲ. ಬೆಳಗಿನಿಂದ ಬಾಗಿಲ ಸದ್ದಾದರೆ ಕುತ್ತಿಗೆ ತಿರುಗಿಸಿ ತಿರುಗಿಸಿ ಹೊಲಿಗೆ ಎಳೆಯುತ್ತಿದೆ. ನರ್ಸಮ್ಮ ಬೈದಳು. ಶುಕ್ರವಾರ ರಾತ್ರಿ ನಾನು ಜ್ವರದಲ್ಲಿ ನಮ್ಮ ಬಾವಿ ನೀರು ಕೊಡಿ, ನಮ್ಮ ಬಾವಿ ನೀರು ಕೊಡಿ ಎಂದು ಗೋಳುಹೊಯ್ದೆನಂತೆ. ನಾನು ಹಾಗೆಲ್ಲ ಕೇಳುವವಳಲ್ಲ. ಯಾರನ್ನೋ ನನ್ನ ಲೆಕ್ಕಕ್ಕೆ ಹಾಕಿದ್ದಾಳೆ.

೪ ಏಪ್ರಿಲ್, ಸೋಮವಾರ

ಬೆಳಿಗ್ಗೆ ಡಾಕ್ಟರು ನೀರು ಕುಡಿಯಬಹುದು ಎಂದರು. ಪುಷ್ಪಮ್ಮ ಲೋಟ ತರಲು ಹೊರಟಾಗ ದುಗ್ಗಪ್ಪ ಬಂದ. ಕಣ್ಣು ಕೆಂಪಗೆ, ಪಂಚೆಯ ಅಂಚಿಗೆಲ್ಲ ದಾರಿಯ ಕೆಂಧೂಳು. ಕೈಯಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಹೂಜಿ. ಕಾಯಿಸಿ ಆರಿಸಿದ ನೀರು ಎಂದು ಡಾಕ್ಟರಿಗೆ ಹೇಳಿದ. ಲೋಟಕ್ಕೆ ಬಗ್ಗಿಸಿ ಎಂದಿನಂತೆ ಮೇಜಿನ ಮೇಲಿಟ್ಟು ಹಿಂದೆ ಸರಿದು ನಿಂತ.

ಎಲ್ಲಿಯದು ಎಂದು ಕೇಳಿದೆ. ಪ್ರತಿಯೊಂದಕ್ಕೂ ಕೇಳುತ್ತೇನಲ್ಲ.

“ಹೋಟ್ಲಿಂದು ಅಕ್ಕಯ್ಯ” ಎಂದ.

ಲೋಟ ತುಟಿಗೆ ಇಟ್ಟ ಕೂಡಲೇ ಗೊತ್ತಾಯಿತು. ನಮ್ಮ ಬಾವಿ ತೋಡಿದ ವರ್ಷ ಅಪ್ಪ ತಳದಲ್ಲಿ ನೆಲ್ಲಿಮರದ ಹಲಗೆ ಹಾಕಿಸಿದ್ದರು. ಆ ಒಗರು, ಆ ಹಿಂದಿನಿಂದ ಬರುವ ಸಿಹಿ, ಸಾಗರದ ಯಾವ ಹೋಟೆಲಿನಲ್ಲೂ ಇಲ್ಲ. ಹೊಸನಗರದಲ್ಲಿ ಬಸ್ಸು ಬದಲಿಸಿ, ಹೂಜಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಿರಬೇಕು.

ಅವನು ನನ್ನ ಮುಖ ನೋಡಲಿಲ್ಲ, ಲೋಟವನ್ನೇ ನೋಡುತ್ತಿದ್ದ. ಅವನು ಕಾಯಬೇಕಾಗಿತ್ತು. ಈಗಲೂ ಹಾಗೇ ಹೇಳುತ್ತೇನೆ, ನಾಳೆ ಕೇಳಿದರೂ ಹಾಗೇ ಹೇಳುತ್ತೇನೆ, ಅವತ್ತು ಅವನು ಸಂಜೆಯವರೆಗೆ ಕಾಯಬೇಕಾಗಿತ್ತು.

ಕುಡಿದೆ. ಪೂರ್ತಿ ಕುಡಿದೆ. ಲೋಟವನ್ನು ಮೇಜಿನ ಮೇಲಿಡದೆ ಅವನ ಕೈಗೇ ಕೊಟ್ಟು, “ಇನ್ನೊಂದು ಲೋಟ ಕೊಡು” ಎಂದೆ.